ಟರ್ಮಿನಲ್ ಓಪನ್ ಮಾಡಿ, ಸಾರ್

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ವಿಎಲ್‌ಸಿ ವಿಡಿಯೊ ಪ್ಲೇಯರ್ ಹಾಕಿಕೊಳ್ಳೋದು ಹೇಗೆ ಅಂತ ಹೊಸಬನೊಬ್ಬ ಕೇಳಿದರೆ ಸಾಕು, ಲಿನಕ್ಸ್ ಪಂಡಿತರ ಮುಖ ಅರಳುತ್ತದೆ. "ಟರ್ಮಿನಲ್ ಓಪನ್ ಮಾಡಿ." ಅಂದರೆ, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ. ಸ್ಟೋರ್‌ನಲ್ಲಿ ಇನ್‌ಸ್ಟಾಲ್ ಬಟನ್ ಇದೆಯಲ್ಲ ಅಂತ ಅವನು ಗೊಣಗಿದರೆ, ಅದು ಮಕ್ಕಳಿಗೆ ಇಟ್ಟಿದ್ದು ಎಂಬಂತೆ ನೋಡುತ್ತಾರೆ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ನಡೆಸು ಎನ್ನುವ ಆಜ್ಞೆ) ಎಂದು ಶುರುವಾಗುವ ಒಂದು ಸಾಲು ಕೊಟ್ಟು ಪೇಸ್ಟ್ ಮಾಡು ಅನ್ನುತ್ತಾರೆ. ಅದು ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡಿದರೆ ಹೆಚ್ಚಿನ ಕಡೆ ಒಂದು ಚುಕ್ಕಿಯೂ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿತೆಂದು ಬಡಪಾಯಿ ಇನ್ನೂ ಜೋರಾಗಿ ಕುಟ್ಟುತ್ತಾನೆ. ಎಲ್ಲಾ ನಿಮ್ಮ ಸುರಕ್ಷತೆಗಾಗಿ! ಯಾವುದೋ ಸೈಟಿನ ಸ್ಕ್ರಿಪ್ಟನ್ನು ಕರ್ಲ್ ಎಂಬ ಡೌನ್‌ಲೋಡ್ ಆಜ್ಞೆಯಿಂದ ಎಳೆದು, ಕಣ್ಣಾಡಿಸದೆ ಅದನ್ನು ನಡೆಸುವ ಬ್ಯಾಷ್‌ಗೆ ಸುರಿ ಅನ್ನುವವರೂ ಇದೇ ಸುರಕ್ಷತಾಪ್ರಿಯರು.

ಬಟನ್ ಪಕ್ಷದವರೂ ಸಾಮಾನ್ಯರಲ್ಲ. ಲಿನಕ್ಸ್‌ನ ಜನಪ್ರಿಯ ರೂಪವಾದ ಉಬುಂಟು 2009ರಲ್ಲಿ ಸಾಫ್ಟ್‌ವೇರ್ ಸೆಂಟರ್ ಎಂಬ ಸ್ಟೋರ್ ತಂದಿತು. 2016ರಲ್ಲಿ ಅದನ್ನು ಎತ್ತಿಟ್ಟು ಗ್ನೋಮ್ ಸಾಫ್ಟ್‌ವೇರ್ ಕೂರಿಸಿತು. ಆಮೇಲೆ ಸ್ನ್ಯಾಪ್ ಸ್ಟೋರ್, ಈಗ ಆ್ಯಪ್ ಸೆಂಟರ್. ಹೆಸರು ಬದಲಿಸುವ ಉಮೇದಿನಲ್ಲಿ ಕೆಲಸವೇ ಮರೆತುಹೋಯಿತೋ ಏನೋ, ಉಬುಂಟುವಿನ 24.04 ಆವೃತ್ತಿ ಹೊರಬಂದಾಗ ಡೌನ್‌ಲೋಡ್ ಮಾಡಿಟ್ಟ ಡೆಬ್ (ಇನ್‌ಸ್ಟಾಲ್ ಮಾಡುವ) ಫೈಲನ್ನು ಡಬಲ್ ಕ್ಲಿಕ್ಕಿಸಿದರೆ ಆ ಆ್ಯಪ್ ಸೆಂಟರ್ ಅದನ್ನು ಇನ್‌ಸ್ಟಾಲ್ ಮಾಡುತ್ತಿರಲಿಲ್ಲ. ಪರಿಹಾರ? ಟರ್ಮಿನಲ್ ಓಪನ್ ಮಾಡಿ. ಸರಿ, ಟರ್ಮಿನಲ್ಲಿಗೇ ಹೋಗಿ ಸಾಫ್ಟ್‌ವೇರ್ ಹಾಕುವ ಆಜ್ಞೆಯಾದ ಆಪ್ಟ್‌ನಲ್ಲಿ ಕ್ರೋಮಿಯಂ ಬ್ರೌಸರ್ ಕೇಳಿ, ಡೆಬ್ ಬದಲು ಉಬುಂಟು ಕೊಡುವುದು ಸ್ಟೋರ್‌ನ ಸ್ನ್ಯಾಪ್ ಪ್ಯಾಕೇಜನ್ನೇ. ಈ ಹಿತ್ತಿಲ ಬಾಗಿಲು 19.10ರಿಂದಲೂ ಇದೆ. ಎರಡೂ ಪಕ್ಷಗಳ ನಡುವೆ ಒಳಒಪ್ಪಂದ ಇಲ್ಲ ಅಂತ ಹೇಗೆ ನಂಬೋಣ?

ಯೂಟ್ಯೂಬ್‌ನ ಟೆಕ್ ವಿಡಿಯೊಗಾರ ಲೈನಸ್ ಸೆಬಾಸ್ಟಿಯನ್‌ರ 2021ರ ಪ್ರಸಂಗ ಗೊತ್ತಲ್ಲ. ಪಾಪ್ ಓಎಸ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಸ್ಟೀಮ್ ಹಾಕಲು ಬಟನ್ ಒತ್ತಿದರು, ಆಗಲಿಲ್ಲ. ಟರ್ಮಿನಲ್ ಓಪನ್ ಮಾಡಿದರು. 'ಯೆಸ್, ಡು ಆ್ಯಸ್ ಐ ಸೇ!' ಅಂತ ಟೈಪ್ ಮಾಡಿದರೆ ಮುಂದುವರಿಸುತ್ತೇನೆ ಅಂದಿತು ಆಪ್ಟ್. ಟೈಪ್ ಮಾಡಿದರು. ಡೆಸ್ಕ್‌ಟಾಪೇ ಮಾಯ! ಕೇಳಿದ್ದು ಒಂದು ಗೇಮ್ ಕ್ಲೈಂಟು, ಕಳಕೊಂಡಿದ್ದು ಇಡೀ ಪರದೆ. ಇಷ್ಟು ಶ್ರದ್ಧೆಯಿಂದ ಮಾತು ಕೇಳುವ ಸಾಫ್ಟ್‌ವೇರ್ ಬೇರೆಲ್ಲಿದೆ ಹೇಳಿ.

"ಎಚ್ಚರಿಕೆ ಓದಬೇಕಿತ್ತು" ಅಂತ ಪಂಡಿತರು ತೀರ್ಪು ಕೊಟ್ಟರು. ಓದಬೇಕಿತ್ತು, ನಿಜ. ಆದರೆ ಸ್ವಾಮಿ, ಸ್ಟೀಮ್ ಪ್ಯಾಕೇಜ್ ಕೆಡಿಸಿದ್ದು ಬಳಕೆದಾರನಲ್ಲ. ಸಾಲುಗಟ್ಟಲೆ ಪ್ಯಾಕೇಜ್ ಹೆಸರು ಸುರಿದು, ಅದರ ಕೊನೆಗೆ ಪ್ರಾಣಾಪಾಯದ ಸೂಚನೆ ಅಂಟಿಸಿದ್ದೂ ಅವನಲ್ಲ. ಓದದೆ ಪೇಸ್ಟ್ ಮಾಡಲು ವರ್ಷಗಟ್ಟಲೆ ಕಲಿಸಿದವರು ಯಾರು? ನೀವೇ ತಾನೇ? ಇದನ್ನೇ ಎಷ್ಟು ಸಲ ಹೇಳುವುದು, ಸಾಕಾಗಿದೆ.

ಆಪ್ಟ್ ಬರೆಯುವವರು ಮಾತ್ರ ವಾದಕ್ಕೆ ನಿಲ್ಲಲಿಲ್ಲ. ಹೊಸ ಆವೃತ್ತಿಯಲ್ಲಿ ಆ ಪ್ರಶ್ನೆಯನ್ನೇ ತೆಗೆದರು. ಈಗ ಸಿಸ್ಟಂಗೆ ಅಗತ್ಯವಾದ ಪ್ಯಾಕೇಜ್ ಕೀಳಬೇಕಾದರೆ ಬೇರೆಯೇ ಆಪ್ಷನ್ ಕೊಡಬೇಕು, ಇಲ್ಲದಿದ್ದರೆ ಅದು ಎರರ್ ತೋರಿಸಿ ನಿಲ್ಲುತ್ತದೆ. ಪಂಡಿತರ ತೀರ್ಪು ಮಾತ್ರ ಇನ್ನೂ ಅಪ್‌ಡೇಟ್ ಆಗಿಲ್ಲ.