ಸತ್ಯಾಂಶ: ಹುಡುಗರಿಗೆ ನರ್ಸಿಂಗ್ ಸೀಟೇ ಇಲ್ವಾ?

ಪಿಯುಸಿ ರಿಸಲ್ಟ್ ಬಂದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಈ ಮೆಸೇಜ್ ಮತ್ತೆ ಓಡಾಡುತ್ತದೆ: ನರ್ಸಿಂಗ್ ಹೆಣ್ಣುಮಕ್ಕಳಿಗೆ ಮಾತ್ರ, ಹುಡುಗರು ಓದಿದರೂ ನೋಂದಣಿ ಆಗಲ್ಲ ಅಂತ.

ಇದು ತಪ್ಪು. 3 ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ), 4 ವರ್ಷದ ಬಿ.ಎಸ್ಸಿ. ನರ್ಸಿಂಗ್, ಎರಡಕ್ಕೂ ಹುಡುಗರು ಸೇರಬಹುದು. ಪಾಸಾದ ಮೇಲೆ ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯೂ ಆಗುತ್ತದೆ.

ಹಾಗಂತ ಗೊಂದಲ ಸುಮ್ನೆ ಹುಟ್ಟಿದ್ದಲ್ಲ. 2 ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಕೋರ್ಸ್ ನಿಜಕ್ಕೂ ಹೆಣ್ಣುಮಕ್ಕಳಿಗೆ ಮಾತ್ರ, ಕೆಲವು ಕಾಲೇಜುಗಳೂ ಹುಡುಗಿಯರನ್ನಷ್ಟೇ ತೆಗೆದುಕೊಳ್ಳುತ್ತವೆ, ಕೇಂದ್ರದ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿಯಲ್ಲಿ ಮಹಿಳೆಯರಿಗೆ ನೂರಕ್ಕೆ 80, ಪುರುಷರಿಗೆ 20 ಅನ್ನುವ ಪಾಲೂ ಬಂದಿದೆ. ಅಂದರೆ ಸೀಟು, ಹುದ್ದೆ ಕಡಿಮೆ ಇರಬಹುದು, ಬಾಗಿಲು ಮುಚ್ಚಿಲ್ಲ. ಗಂಡಸರ ವಾರ್ಡಿನಲ್ಲಿ ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕುವಾಗ, ಮೈ ಒರೆಸುವಾಗ ಎಷ್ಟೋ ರೋಗಿಗಳು ಬ್ರದರ್ (ಗಂಡು ನರ್ಸ್) ಇದ್ದಾರಾ ಅಂತ ತಾವೇ ಕೇಳುತ್ತಾರೆ, ಅಲ್ವಾ?

ಪರೀಕ್ಷಿಸುವುದು ಸುಲಭ. ಮೆಸೇಜಿನಲ್ಲಿ ಯಾವ ಕೋರ್ಸ್, ಯಾವ ವರ್ಷದ ನಿಯಮ ಅಂತ ಇದೆಯಾ ನೋಡಿ. ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಆಮೇಲೆ ಈ ವರ್ಷದ ಪ್ರವೇಶ ಕೈಪಿಡಿ ತೆರೆದು ‘ಅರ್ಹತೆ’ ಪುಟ ಓದಿ, ವಯಸ್ಸು, ಅಂಕ, ಲಿಂಗ ಎಲ್ಲ ಅಲ್ಲೇ ಇರುತ್ತದೆ. ಬಿ.ಎಸ್ಸಿ.ಗೆ ವಿಜ್ಞಾನ ಓದಿರಬೇಕು, ಜಿಎನ್‌ಎಂಗೆ ಕಲಾ ವಿಭಾಗದವರೂ ಬರಬಹುದು, ಇದೂ ತುಂಬಾ ಜನಕ್ಕೆ ಗೊತ್ತಿಲ್ಲ. ಕಾಲೇಜಿಗೆ ಮಾನ್ಯತೆ ಇದೆಯಾ ಅನ್ನುವುದನ್ನು ಪರಿಷತ್ತಿನ ವೆಬ್‌ಸೈಟಿನ ಪಟ್ಟಿಯಲ್ಲೇ ನೋಡಿ, ಏಜೆಂಟ್ ಮಾತು ಸಾಲದು.

ಫಾರ್ವರ್ಡ್ ಮಾಡಿದವರು ಬಹುಪಾಲು ಮಕ್ಕಳ ಚಿಂತೆಯಲ್ಲಿರುವ ಮಾವನೋ ಚಿಕ್ಕಪ್ಪನೋ ಆಗಿರುತ್ತಾರೆ. ವಾದ ಬೇಡ, ಆ ‘ಅರ್ಹತೆ’ ಪುಟದ ಫೋಟೊ ಕಳಿಸಿದರೆ ಸಾಕು.