ಮ್ಯಾಚಿನ ಭಯ ಇಲ್ಲ, ಗೇಟಿನ ಭಯ

2022ರ ಮಾರ್ಚ್‌ನಲ್ಲಿ ಶ್ರೀಲಂಕಾ ವಿರುದ್ಧದ ಬೆಂಗಳೂರು ಟೆಸ್ಟ್‌ಗೆ, ಕೋವಿಡ್ ಕಾರಣಕ್ಕೆ, ಮೊದಲು ಅರ್ಧ ಸ್ಟೇಡಿಯಂ ಜನ ಮಾತ್ರ ಎಂದರು. ಟಿಕೆಟ್ ಬೇಗ ಬೇಗ ಖರ್ಚಾಯಿತು, ಇನ್ನೂ ಬೇಕು ಎಂದು ಜನ ಕೇಳಿದರು. ಮ್ಯಾಚಿಗೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಪೂರ್ತಿ ಸ್ಟೇಡಿಯಂ ಎಂದರು. ಅದಕ್ಕೂ ಒಂದು ವಾರ ಮೊದಲು ಮೊಹಾಲಿಯಲ್ಲಿ ಕೊಹ್ಲಿಯ 100ನೇ ಟೆಸ್ಟ್. ಅಲ್ಲಿ ಯಾರನ್ನೂ ಒಳಗೆ ಬಿಡಲ್ಲ ಎಂದಿದ್ದರು. ಅಭಿಮಾನಿಗಳು ಗಲಾಟೆ ಎಬ್ಬಿಸಿದ ಮೇಲೆ ಸರಿ, ಅರ್ಧ ಬನ್ನಿ ಎಂದರು. ಇಷ್ಟು ಸಣ್ಣ ಅವಧಿಯಲ್ಲಿ ವೈರಸ್ ಏನೂ ಬದಲಾಗಿರಲಿಲ್ಲ. ನಮ್ಮ ಕೂಗು ಜೋರಾಗಿತ್ತು, ಅಷ್ಟೇ.

ತಪ್ಪು ತಿಳಿಯಬೇಡಿ, ಬಾಗಿಲು ತೆರೆದದ್ದು ನನಗೆ ಖುಷಿಯೇ. ಮೂರನೇ ಅಲೆ ಇಳಿದಿತ್ತು, ಬಹಳಷ್ಟು ಜನ ಎರಡು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರು. ನನ್ನ ತಕರಾರು ಈ ಶೇಕಡಾ ಲೆಕ್ಕದ ಮೇಲೆ. ಶೇಕಡಾ 25, 50, 100. ಎರಡು ವರ್ಷದಿಂದ ಇದೇ ಹಾಡಾಗಿತ್ತು. ಎಷ್ಟು ಜನ ಬರಬೇಕು ಅನ್ನೋದನ್ನ ಎಲ್ಲರೂ ಹೇಳುತ್ತಿದ್ದರು. ಬಂದವರು ಯಾವ ಗೇಟಿನಿಂದ ಒಳಗೆ ಹೋಗಬೇಕು, ಎಷ್ಟು ಹೊತ್ತು ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಿಲ್ಲಬೇಕು, ನೀರು ಎಲ್ಲಿ ಸಿಗುತ್ತದೆ, ಟಾಯ್ಲೆಟ್‌ನಲ್ಲಿ ಗಾಳಿ ಆಡುತ್ತದಾ? ಇದನ್ನ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ.

ನಮ್ಮಪ್ಪ ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಕಾಲೇಜು ಹುಡುಗ ಆಗಿದ್ದಾಗ, 1974ರಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಮೊದಲ ಟೆಸ್ಟ್ ನೋಡಿದವರು ಅವರು. ವೆಸ್ಟ್ ಇಂಡೀಸ್ ವಿರುದ್ಧ. ರಿಚರ್ಡ್ಸ್, ಗ್ರೀನಿಜ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಅಲ್ಲೇ. ಅದನ್ನ ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಈ ಸಲ ಹಗಲು-ರಾತ್ರಿ ಆಡುವ ಪಿಂಕ್ ಬಾಲ್ ಟೆಸ್ಟ್‌ಗೆ ಬನ್ನಿ ಅಪ್ಪಾ ಅಂದ್ರೆ ತಲೆ ಅಲ್ಲಾಡಿಸಿದರು. "ನಂಗೆ ಮ್ಯಾಚಿನ ಭಯ ಇಲ್ಲ ಕಣೋ, ಗೇಟಿನ ಭಯ."

ಅವರು ವಿಜ್ಞಾನ ಓದಿದವರಲ್ಲ, ಬ್ಯಾಂಕಿನಲ್ಲಿ ಇದ್ದವರು. ಆದರೆ ಅವರು ಹೇಳಿದ್ದನ್ನೇ ಇಂಗ್ಲೆಂಡಿನವರು ದುಡ್ಡು ಖರ್ಚು ಮಾಡಿ ಕಂಡುಕೊಂಡರು. 2021ರ ಬೇಸಿಗೆಯಲ್ಲಿ ಅಲ್ಲಿನ ಸರ್ಕಾರವೇ ಪರೀಕ್ಷೆಗೆಂದು ಕೆಲವು ಪಂದ್ಯಗಳಿಗೆ ಜನರನ್ನು ಬಿಟ್ಟಿತು. ಶೆಫೀಲ್ಡ್‌ನ ಸ್ನೂಕರ್ ವಿಶ್ವ ಚಾಂಪಿಯನ್‌ಶಿಪ್, ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಎಫ್‌ಎ ಕಪ್ ಫುಟ್‌ಬಾಲ್ ಫೈನಲ್, ಹೀಗೆ. ಬರುವವರು ಮೊದಲೇ ಕೋವಿಡ್ ಟೆಸ್ಟ್ ಮಾಡಿಸಬೇಕಿತ್ತು. ಗಾಳಿ ಎಲ್ಲಿ ಕೆಟ್ಟಿದೆ ಎಂದು ನೋಡಲು ಅಲ್ಲಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯುವ ಯಂತ್ರ ಇಟ್ಟರು. ಬಯಲಿನಲ್ಲಿ ಕೂತ ಜಾಗದಲ್ಲಿ ಅಂಥ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮುಚ್ಚಿದ, ಗಾಳಿ ಆಡದ, ಜನ ಒತ್ತೊತ್ತಾಗಿ ನಿಲ್ಲುವ ಕಡೆ. ಪಂದ್ಯ ಮುಗಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿ ಎಂದರೆ ಬಹಳ ಜನ ಮಾಡಿಸಲೇ ಇಲ್ಲ. ಹಾಗಾಗಿ ಯಾರಿಗೆ ಎಲ್ಲಿ ಸೋಂಕು ತಗುಲಿತು ಅನ್ನೋ ಲೆಕ್ಕ ಸರಿಯಾಗಿ ಸಿಗಲಿಲ್ಲ. ಮ್ಯಾಚ್ ಮುಗಿದ ಮೇಲೆ ಅಭಿಮಾನಿಯಿಂದ ಕೆಲಸ ಮಾಡಿಸೋದು ಯಾವ ದೇಶದಲ್ಲೂ ಕಷ್ಟವೇ.

ತಮಾಷೆ ನೋಡಿ. ಮೇ ತಿಂಗಳಲ್ಲಿ ಇಷ್ಟೆಲ್ಲ ಅಳತೆ ಮಾಡಿದ ಅದೇ ವೆಂಬ್ಲಿಯಲ್ಲಿ ಜುಲೈ 11ಕ್ಕೆ ಯುರೋಪಿನ ಫುಟ್‌ಬಾಲ್ ಟೂರ್ನಿ ಯೂರೋದ ಫೈನಲ್. ಇಟಲಿ, ಇಂಗ್ಲೆಂಡ್. ಒಳಗೆ 60 ಸಾವಿರಕ್ಕೂ ಜಾಸ್ತಿ ಜನ. ಟಿಕೆಟ್ ಇಲ್ಲದವರು ಗೇಟು ತಳ್ಳಿಕೊಂಡು ನುಗ್ಗಿದರು. ಎಷ್ಟು ಪರ್ಸೆಂಟ್ ಅನ್ನೋ ಲೆಕ್ಕವೇ ಅಲ್ಲಿ ಬಿದ್ದುಹೋಯಿತು. ಒಳಗಿನ ಸೀಟನ್ನು ಎಣಿಸಿದವರು ಹೊರಗಿನ ರಸ್ತೆಯನ್ನು ಎಣಿಸಿರಲಿಲ್ಲ.

ನಮ್ಮ ದೇಶದ ಕಥೆಗೆ ಬರೋಣ. ಕೋವಿಡ್ ಶುರುವಾದ ಮೇಲೆ ನಮ್ಮಲ್ಲಿ ಮೊದಲು ಜನ ಕೂತು ನೋಡಿದ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ ಚೆನ್ನೈನದು, 2021ರ ಫೆಬ್ರವರಿ 13ರಿಂದ. ಅದೇ ಮೈದಾನದಲ್ಲಿ ಹಿಂದಿನ ವಾರ ಖಾಲಿ ಕುರ್ಚಿಗಳ ಮುಂದೆ ಇಂಗ್ಲೆಂಡ್ ನಮ್ಮನ್ನ 227 ರನ್‌ಗಳಿಂದ ಹೊಡೆದಿತ್ತು. ಜನ ಬಂದರು, ನಾವು 317 ರನ್‌ಗಳಿಂದ ಗೆದ್ದೆವು. ಅಶ್ವಿನ್ ತಮ್ಮ ಊರಿನವರ ಎದುರು ಐದು ವಿಕೆಟ್ ತೆಗೆದು, ನೂರೂ ಹೊಡೆದರು. ಕೊಹ್ಲಿ ಫೀಲ್ಡಿಂಗ್ ಮಾಡುತ್ತಲೇ ಸ್ಟ್ಯಾಂಡಿನ ಕಡೆ ತಿರುಗಿ ಸೀಟಿ ಹೊಡೀರಿ ಎಂದು ಸನ್ನೆ ಮಾಡಿದರು. ಜನ ಬಂದದ್ದಕ್ಕೇ ಗೆದ್ದೆವು ಎಂದು ಆಗ ಬಹಳ ಜನ ಬರೆದರು. ನಾನು ಒಪ್ಪಲ್ಲ. ಪಿಚ್ ಮೊದಲ ದಿನದಿಂದಲೇ ತಿರುಗುತ್ತಿತ್ತು. ಆದರೆ ಒಂದು ಮಾತು ನಿಜ. ಟಿವಿಯಲ್ಲಿ ನೋಡುತ್ತಿದ್ದ ನನಗೆ ಅದು ಮತ್ತೆ ಕ್ರಿಕೆಟ್ ಅನ್ನಿಸಿತು. 2020ರ ಐಪಿಎಲ್ ಪೂರ್ತಿ ದುಬೈ, ಶಾರ್ಜಾ, ಅಬುಧಾಬಿಯಲ್ಲಿ ರೆಕಾರ್ಡ್ ಮಾಡಿದ ಚಪ್ಪಾಳೆ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಬೌಂಡರಿ ಹೋಗದೆ ಇದ್ದರೂ ಆ ಚಪ್ಪಾಳೆಗೆ ಅರ್ಧ ಸೆಕೆಂಡ್ ಮೊದಲೇ ಜೋಶ್ ಬರುತ್ತಿತ್ತು!

ಆಮೇಲೆ ಬಂತು ಅಹಮದಾಬಾದ್. ಮಾರ್ಚ್ 12ಕ್ಕೆ ಮೊದಲ ಟಿ20, ಒಳಗೆ 60 ಸಾವಿರಕ್ಕೂ ಮಿಕ್ಕಿ ಜನ. 14ಕ್ಕೆ ಎರಡನೆಯದು, ಮತ್ತೆ ಅಷ್ಟೇ ಜನ. ಕ್ಯಾಮೆರಾ ಹೋದ ಕಡೆಯೆಲ್ಲ ಮಾಸ್ಕ್ ಗದ್ದದ ಮೇಲೆ. ಕಾಗದದ ಮೇಲೆ ಅದೂ ಅರ್ಧ ಸ್ಟೇಡಿಯಮ್ಮೇ. ಒಂದು ಲಕ್ಷಕ್ಕೂ ಜಾಸ್ತಿ ಜನ ಹಿಡಿಸುವ ಕಡೆ ಅರ್ಧ ಅಂದ್ರೂ ಒಂದು ಪಟ್ಟಣ ಅಲ್ವಾ? ಕೇಸು ಏರುತ್ತಿದ್ದಂತೆ ಉಳಿದ ಮೂರು ಪಂದ್ಯಕ್ಕೆ ಬಾಗಿಲು ಹಾಕಿದರು. ಪುಣೆಯ ಏಕದಿನ ಪಂದ್ಯಗಳಿಗೂ ಯಾರನ್ನೂ ಬಿಡಲಿಲ್ಲ. ಮೈಗೆ ತ್ರಿವರ್ಣ ಬಳಿದುಕೊಂಡು ಶಂಖ ಊದುವ ಸಚಿನ್ ಅಭಿಮಾನಿ ಸುಧೀರ್ ಗೊತ್ತಲ್ಲ, ಆತ ಸ್ಟೇಡಿಯಂ ಹತ್ತಿರದ ಗುಡ್ಡ ಹತ್ತಿ ಬಾವುಟ ಬೀಸುತ್ತಾ ಮ್ಯಾಚ್ ನೋಡಿದರು. ನಮ್ಮ ಪ್ರಸಿದ್ಧ್ ಕೃಷ್ಣ ಮೊದಲ ಏಕದಿನ ಪಂದ್ಯ ಆಡಿ ನಾಲ್ಕು ವಿಕೆಟ್ ತೆಗೆದದ್ದು ಅಲ್ಲೇ, ಆ ಖಾಲಿ ಕುರ್ಚಿಗಳ ಮುಂದೆ.

ಎರಡನೇ ಅಲೆ ಈ ಮ್ಯಾಚುಗಳಿಂದಲೇ ಬಂತು ಎಂದು ನಾನು ಹೇಳುತ್ತಿಲ್ಲ. ಚುನಾವಣೆ ಸಭೆ, ಕುಂಭಮೇಳ, ಮದುವೆ, ಎಲ್ಲವೂ ನಡೆದಿದ್ದವು, ಹೊಸ ತಳಿಯೂ ಬಂದಿತ್ತು. ಆದರೆ "ಎಲ್ಲ ಮುಗೀತು, ಬನ್ನಿ" ಎಂದು ದೇಶಕ್ಕೆಲ್ಲ ಕಾಣುವ ಹಾಗೆ ಕರೆದದ್ದರಲ್ಲಿ ಕ್ರಿಕೆಟ್ಟೂ ಒಂದು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ಮೇ 2ರ ರಾತ್ರಿಯಿಂದ 3ರ ಬೆಳಗ್ಗೆಯ ಹೊತ್ತಿಗೆ, ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ಒಬ್ಬರ ಹಿಂದೆ ಒಬ್ಬರು ಹೋದರು. 24 ಗಂಟೆಯಲ್ಲಿ 24 ಜೀವ. ಅವತ್ತು ಸಂಜೆ ಐಪಿಎಲ್‌ನಲ್ಲಿ ನಮ್ಮ ಬೆಂಗಳೂರಿನ ತಂಡ ಆರ್‌ಸಿಬಿಯ ಮ್ಯಾಚ್ ಇತ್ತು. ಎದುರು ತಂಡದಲ್ಲಿ ಇಬ್ಬರಿಗೆ ಸೋಂಕು ಬಂದು ಅದು ಮುಂದಕ್ಕೆ ಹೋಯಿತು. ಮಾರನೇ ದಿನ ಟೂರ್ನಿಯೇ ನಿಂತಿತು.

ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿ ವಿಷಯ ನನ್ನ ತಲೆಯಿಂದ ಹೋಗುವುದೇ ಇಲ್ಲ. 2020ರ ಮಾರ್ಚ್ 8, ಮೆಲ್ಬರ್ನ್‌ನಲ್ಲಿ ಮಹಿಳಾ ಟಿ20 ವಿಶ್ವಕಪ್ ಫೈನಲ್. 86,174 ಜನ. ಆ ಹನ್ನೊಂದರಲ್ಲಿ ನಮ್ಮವರು ಇಬ್ಬರು, ಕಡೂರಿನ ವೇದಾ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್. ಅಂಥ ಜನಸಾಗರದ ಮುಂದೆ ನಮ್ಮ ಹೆಣ್ಣುಮಕ್ಕಳು ಆಡಿದ್ದು ನೋಡಿ ಹೆಮ್ಮೆ ಪಟ್ಟಿದ್ದೆ. ಅಲ್ಲಿ ಕೂತಿದ್ದ ಒಬ್ಬರಿಗೆ ಸೋಂಕು ಇತ್ತು ಎಂದು ಆಮೇಲೆ ಗೊತ್ತಾಯಿತು. ಐದು ದಿನ ಕಳೆದ ಮೇಲೆ ಅದೇ ದೇಶದ ಸಿಡ್ನಿಯಲ್ಲಿ ಪುರುಷರ ಪಂದ್ಯ, ಒಳಗೆ ಪ್ರೇಕ್ಷಕರೇ ಇಲ್ಲ. ಸಿಕ್ಸರ್ ಹೋದರೆ ಆಟಗಾರರೇ ಸ್ಟ್ಯಾಂಡ್ ಹತ್ತಿ ಕುರ್ಚಿ ಸಂದಿಯಲ್ಲಿ ಬಾಲ್ ಹುಡುಕಿದರು. ಒಂದು ವರ್ಷ ಕಳೆದು ಎರಡನೇ ಅಲೆಯಲ್ಲಿ ವೇದಾ ಕೆಲವೇ ದಿನಗಳ ಅಂತರದಲ್ಲಿ ತಾಯಿಯನ್ನೂ ಅಕ್ಕನನ್ನೂ ಕಳೆದುಕೊಂಡರು. ಪ್ರೇಕ್ಷಕರನ್ನು ಬಿಡಿ ಎಂದು ಕೂಗುವಾಗ ನನಗೆ ನೆನಪಾಗುವುದು ಅವರೇ.

ಆದರೂ ಬೆಂಗಳೂರು ಟೆಸ್ಟ್‌ಗೆ ಹೋದೆ. ಭಾನುವಾರ, ಎರಡನೇ ದಿನ, ತಮ್ಮನ ಜೊತೆ. ಮೊದಲ ದಿನ 16 ವಿಕೆಟ್ ಬಿದ್ದಿದ್ದವು, ಮೂರನೇ ದಿನಕ್ಕೆ ಮ್ಯಾಚ್ ಉಳಿಯುತ್ತೋ ಇಲ್ಲವೋ ಅನ್ನೋ ಅನುಮಾನ. ಸಂಜೆ ದೀಪ ಹತ್ತುವ ಹೊತ್ತು, ರಿಷಭ್ ಪಂತ್ ಬ್ಯಾಟಿಂಗ್‌ಗೆ ಬಂದ. ಆಮೇಲೆ ನಮ್ಮ ಸಾಲಿನಲ್ಲಿ ಯಾರೂ ಕೂತಿದ್ದು ನೆನಪಿಲ್ಲ. 28 ಬಾಲಿಗೆ 50. 1982ರಲ್ಲಿ ಕರಾಚಿಯಲ್ಲಿ ಕಪಿಲ್ ದೇವ್ 30 ಬಾಲಿಗೆ 50 ಹೊಡೆದು ಮಾಡಿದ್ದ, ಟೆಸ್ಟ್‌ನಲ್ಲಿ ಭಾರತದವರ ಅತಿ ವೇಗದ ಅರ್ಧಶತಕದ ದಾಖಲೆ ಹೋಯಿತು. ನನ್ನ ಮುಂದಿನ ಸಾಲಿನಲ್ಲಿ ಒಬ್ಬಾಕೆ, ವಯಸ್ಸು ಅರವತ್ತರ ಆಚೆ, ಎನ್95 ಮೇಲೊಂದು ಬಟ್ಟೆ ಮಾಸ್ಕ್, ಕೊರಳಲ್ಲಿ ಪುಟ್ಟ ಸ್ಯಾನಿಟೈಸರ್ ಬಾಟಲಿ. ಬಾಯಿ ಕಾಣುತ್ತಿರಲಿಲ್ಲ, ಆದರೆ ಕೂಗು ನಮ್ಮೆಲ್ಲರಿಗಿಂತ ಜೋರು. ಅವರ ಪಕ್ಕದ ಹುಡುಗರು ದೊಡ್ಡ ಪರದೆಯಲ್ಲಿ ಮುಖ ಬಂದಾಗಲೆಲ್ಲ ಮಾಸ್ಕ್ ಕೆಳಗೆ ಎಳೆಯುತ್ತಿದ್ದರು. ಟಿವಿಯಲ್ಲಿ ಮುಖ ಕಾಣದಿದ್ದರೆ ಬಂದು ಏನು ಪ್ರಯೋಜನ, ಅಲ್ವಾ! ಆಕೆ ಪ್ರತಿ ಸಲ ತಿರುಗಿ ಕಣ್ಣು ಬಿಡುತ್ತಿದ್ದರು. ಹುಡುಗರು "ಸಾರಿ ಆಂಟಿ" ಎಂದು ಮೇಲೆ ಎಳೆದುಕೊಳ್ಳುತ್ತಿದ್ದರು. ನಿಯಮದ ಬೋರ್ಡು ಮಾಡದ ಕೆಲಸವನ್ನು ಆ ಆಂಟಿ ಮಾಡಿದರು.

ಪ್ರೇಕ್ಷಕ ಎಂದರೆ ದೇವರು ಅನ್ನುವವನಲ್ಲ ನಾನು. ಅದೇ ದಿನ ಕೆಲವರು ಬೇಲಿ ಹಾರಿ ಒಳಗೆ ಓಡಿ ಕೊಹ್ಲಿ ಜೊತೆ ಸೆಲ್ಫಿ ತೆಗೆದುಕೊಂಡರು. ಆಟಗಾರರು ಹೆಂಡತಿ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ, ಸೋಂಕು ತಗುಲಬಾರದೆಂದು ಹೊರಗಿನವರಿಂದ ದೂರ ಇಡುವ ಬಯೋಬಬಲ್ ಎಂದು ಹೋಟೆಲ್ ರೂಮಿನಲ್ಲಿ ಕೊಳೆತಿದ್ದರು, ಇವರಿಗೆ ಸೆಲ್ಫಿ. ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಮೈ ಉರಿಯಿತು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಸ್ವಲ್ಪವೇ ಸ್ವಲ್ಪ ಜನರನ್ನು ಬಿಟ್ಟಿದ್ದರು. ಅವರಲ್ಲೇ ಕೆಲವರು ನಮ್ಮ ಬೌಲರ್ ಸಿರಾಜ್‌ಗೆ ಬಾಯಿಗೆ ಬಂದಂತೆ ಬೈದು, ಆಟ ನಿಲ್ಲಿಸಿ, ಆರು ಜನರನ್ನು ಹೊರಗೆ ಕಳಿಸಬೇಕಾಯಿತು. ಆ ಹುಡುಗ ಅಪ್ಪ ತೀರಿಕೊಂಡರೂ ಊರಿಗೆ ಬಾರದೆ ಅಲ್ಲೇ ಉಳಿದು ಆಡುತ್ತಿದ್ದ. ಖಾಲಿ ಸ್ಟೇಡಿಯಂಗೆ ಆ ಒಂದು ಲಾಭವಾದರೂ ಇತ್ತು ಅನ್ನಿಸಿದ್ದು ಆಗ ಮಾತ್ರ.

ಹಾಗಾದರೆ ಏನು ಮಾಡಬೇಕಿತ್ತು ಅಂತೀರಾ? ದೊಡ್ಡ ಯೋಜನೆ ಏನೂ ಬೇಡ. ಟಿಕೆಟ್ ಮೇಲೆ ಗೇಟಿನ ಹೆಸರಿನ ಜೊತೆ ಬರಬೇಕಾದ ಸಮಯವನ್ನೂ ಹಾಕಿ. ಎಲ್ಲರೂ ಟಾಸ್‌ಗೆ ಹತ್ತು ನಿಮಿಷ ಇರುವಾಗ ಬಂದು ಒಂದೇ ಬಾಗಿಲಲ್ಲಿ ಒತ್ತುವುದು ತಪ್ಪುತ್ತದೆ. ಮ್ಯಾಚ್ ಮುಗಿದ ಮೇಲೆ ಸ್ಟ್ಯಾಂಡ್ ಸ್ಟ್ಯಾಂಡ್ ಆಗಿ ಬಿಡಿ. ಮನೆಯಿಂದ ನೀರು ತರಬಾರದು ಎನ್ನುವುದಾದರೆ ಒಳಗೆ ನೀರಿನ ನಲ್ಲಿ ಜಾಸ್ತಿ ಇಡಿ, ಇಲ್ಲದಿದ್ದರೆ ಬಯಲಲ್ಲಿ ಆರಾಮಾಗಿ ಕೂರಬೇಕಾದವರು ಮೆಟ್ಟಿಲ ಕೆಳಗಿನ ಕತ್ತಲೆ ಕೌಂಟರಿನಲ್ಲಿ ಅರ್ಧ ಗಂಟೆ ನಿಲ್ಲುತ್ತಾರೆ. ಅರ್ಧ ಜನರನ್ನು ಬಿಟ್ಟು, ಅವರಿಗೆ ಅರ್ಧವೇ ಗೇಟು ತೆರೆದರೆ ಆ ಅರ್ಧದಿಂದ ಏನು ಸಾಧಿಸಿದಂತಾಯಿತು? ಇದಕ್ಕೆಲ್ಲ ತಲೆ ಓಡಿಸಲು ಎರಡು ವರ್ಷ ಖಾಲಿ ಸ್ಟೇಡಿಯಂ ಕೈಯಲ್ಲಿತ್ತು. ದೇಶದ ಯಾವ ಕ್ರಿಕೆಟ್ ಸಂಸ್ಥೆ ಆ ಸಮಯದಲ್ಲಿ ಪ್ರೇಕ್ಷಕರಿಗಾಗಿ ಏನು ಬದಲಾಯಿಸಿತು ಎಂದು ಯಾರಾದರೂ ತೋರಿಸಿದರೆ ಇಲ್ಲೇ ಕಾಮೆಂಟಿನಲ್ಲಿ ಹೇಳಿ, ನಾನೇ ಹೋಗಿ ಹೊಗಳಿ ಬರೆಯುತ್ತೇನೆ.

ಕಬಡ್ಡಿಯವರ ಪಾಡು ಇನ್ನೂ ಕಷ್ಟ. ಅವರದ್ದು ಒಳಾಂಗಣ, ಗಾಳಿಯ ಸಮಸ್ಯೆ ನಿಜವಾಗಿಯೂ ಇತ್ತು. ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ಸಿಕ್ಕಿದ್ದೂ ನಮ್ಮ ರಾಜ್ಯದಲ್ಲೇ, 2021ರ ಡಿಸೆಂಬರ್‌ನಲ್ಲಿ. ಆ ತಿಂಗಳ 22ರಿಂದ ಎರಡು ತಿಂಗಳು ಪ್ರೊ ಕಬಡ್ಡಿ ಪೂರ್ತಿ ವೈಟ್‌ಫೀಲ್ಡ್‌ನ ಒಂದು ಹೋಟೆಲಿನಲ್ಲೇ ನಡೆಯಿತು. ಬೆಂಗಳೂರು ಬುಲ್ಸ್ ನಾಯಕ ಪವನ್ ಸೆಹ್ರಾವತ್ ಇಡೀ ಟೂರ್ನಿಯಲ್ಲಿ ಅತಿ ಹೆಚ್ಚು ರೈಡ್ ಪಾಯಿಂಟ್ ತೆಗೆದ. ನಮ್ಮೂರಲ್ಲೇ ಇದ್ದ, ನಾವು ಟಿವಿಯಲ್ಲಿ ನೋಡಿದೆವು. ಅಲ್ಲಿ ಬಾಗಿಲು ಮುಚ್ಚಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಒಂದೇ ಅಳತೆಗೋಲು ಎಲ್ಲ ಆಟಕ್ಕೂ ಆಗಲ್ಲ ಅನ್ನೋದಕ್ಕೇ ಇದನ್ನ ಹೇಳಿದೆ.

2022ರ ಮಾರ್ಚ್ 26ರಿಂದ ಐಪಿಎಲ್ ಶುರುವಾಯಿತು. ಆ ಸಲ ಲೀಗ್ ಪಂದ್ಯಗಳು ಪೂರ್ತಿ ಮುಂಬೈ, ಪುಣೆಯಲ್ಲಿ, ಶುರುವಿಗೆ ಶೇಕಡಾ 25 ಜನ. ಬೆಂಗಳೂರಿಗೆ ಮತ್ತೆ ಮ್ಯಾಚ್ ಸಿಗಲಿಲ್ಲ. ಹೊಟ್ಟೆ ಉರಿಸುವ ವಿಷಯ ಇನ್ನೊಂದಿದೆ. ನಮ್ಮ ಕರ್ನಾಟಕ ತಂಡದ ದೇವದತ್ತ ಪಡಿಕ್ಕಲ್ ಆಗ ಎರಡು ಸೀಸನ್ ಆರ್‌ಸಿಬಿಗೆ ಓಪನಿಂಗ್ ಆಡಿದ. ದುಬೈನ ಖಾಲಿ ಸ್ಟೇಡಿಯಂನಲ್ಲಿ ಮೊದಲ ಪಂದ್ಯಕ್ಕೇ 56, ವಾಂಖೆಡೆಯ ಖಾಲಿ ಸ್ಟೇಡಿಯಂನಲ್ಲಿ ಔಟಾಗದೆ 101. ಚಿನ್ನಸ್ವಾಮಿಯಲ್ಲಿ ಆ ಕೆಂಪು ಅಂಗಿ ಹಾಕಿ ಒಂದೇ ಒಂದು ಐಪಿಎಲ್ ಪಂದ್ಯ ಆಡಲು ಆ ಎರಡು ಸೀಸನ್‌ನಲ್ಲಿ ಅವನಿಗೆ ಅವಕಾಶ ಸಿಗಲೇ ಇಲ್ಲ. 2022ರಲ್ಲಿ ರಾಜಸ್ಥಾನದವರು 7.75 ಕೋಟಿ ಕೊಟ್ಟು ಕರೆದುಕೊಂಡು ಹೋದರು. ಮುಂದೆ ಗುಲಾಬಿ ಅಂಗಿ ಹಾಕಿಕೊಂಡು ಅವನು ಬೆಂಗಳೂರಿಗೆ ಬಂದಾಗ ಯಾರ ಕಡೆ ಕೂಗಬೇಕು ಎಂದು ನನಗೂ ತಮ್ಮನಿಗೂ ಆಗಲೇ ಜಗಳ ಹತ್ತಿತ್ತು. ತಮ್ಮ ಆರ್‌ಸಿಬಿ ಬಿಡಲ್ಲ ಅಂದ. ನಾನಂತೂ ಪಡಿಕ್ಕಲ್ 50 ಹೊಡೆಯುವವರೆಗೆ ಅವನ ಕಡೆ, ಆಮೇಲೆ ನೋಡೋಣ ಅಂದೆ.