ದುಡ್ಡು ನಮ್ದು, ಸಿನಿಮಾ ಓನರ್‌ದು

2025ರ ಜೂನ್ 17ರಿಂದ ಅಮೆಜಾನ್ ಪ್ರೈಮ್ ವಿಡಿಯೋದವ್ರು ಇಂಡಿಯಾದಲ್ಲೂ ಸಿನಿಮಾ ಮಧ್ಯೆ ಜಾಹೀರಾತು ತುರುಕೋಕೆ ಶುರು ಮಾಡಿದ್ರು, ವರ್ಷದ ದುಡ್ಡು ಮುಂಚೇನೇ ಕಟ್ಟಿ ಕೂತಿದ್ದೋರಿಗೂ ಸೇರಿಸಿ. ಜಾಹೀರಾತು ಬೇಡ್ವಾ, ಹಂಗಾದ್ರೆ ತಿಂಗಳಿಗೆ 129 ಇಲ್ಲಾ ವರ್ಷಕ್ಕೆ 699 ರೂಪಾಯಿ ಎಕ್ಸ್‌ಟ್ರಾ ಇಡಿ ಅಂದ್ರು. ಅಂದ್ರೆ ಇಷ್ಟು ದಿನ ನೋಡೋದಕ್ಕೆ ದುಡ್ಡು ಕೊಡ್ತಿದ್ವಿ, ಇನ್ಮೇಲೆ ನೋಡದೇ ಇರೋದಕ್ಕೂ ಕೊಡ್ಬೇಕು. ಇಂಥಾ ಐಡಿಯಾ ನಮ್ಮೂರ್ ಪಾಲಿಕೆಯೋರಿಗೂ ಹೊಳೆದಿರ್ಲಿಲ್ಲ.

ಬೆಂಗಳೂರಲ್ಲಿ ಬಾಡಿಗೆ ಮನೇಲಿ ಇದ್ದು ಪಳಗಿದವ್ರಿಗೆ ಇದೇನು ಹೊಸದಲ್ಲ ಬಿಡಿ. ಹನ್ನೊಂದು ತಿಂಗಳ ಅಗ್ರಿಮೆಂಟು, ವರ್ಷಾ ವರ್ಷ ಬಾಡಿಗೆ ಜಾಸ್ತಿ, ಗೋಡೆಗೆ ಮೊಳೆ ಹೊಡೆಯೋ ಹಂಗಿಲ್ಲ, ಊರಿಂದ ನೆಂಟರು ಬಂದು ನಾಲ್ಕು ದಿನ ಉಳಿದ್ರೆ ಮೇಲಿನ ಮನೆ ಬಾಲ್ಕನಿಯಿಂದ ಓನರ್ ಆಂಟಿ ಬಗ್ಗಿ "ಎಷ್ಟು ಜನ ಇದೀರಪ್ಪಾ, ಸಂಪ್ ಬೇಗ ಖಾಲಿ ಆಗ್ತಿದ್ಯಲ್ಲ" ಅಂತ ವಿಚಾರಿಸ್ಕೊಳೋದು. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್‌ನವ್ರು ಇಂಡಿಯಾದಲ್ಲಿ ಪಾಸ್‌ವರ್ಡ್ ಹಂಚ್ಕೊಳೋದು ಬಂದ್ ಅಂತ ಹೇಳಿದಾಗ ನಂಗೆ ಆ ಆಂಟಿ ದನಿನೇ ಕೇಳಿಸ್ತು. ಒಂದು ಮನೆಗೆ ಒಂದು ಅಕೌಂಟು ಅಷ್ಟೇ. ಹಾಸ್ಟೆಲಲ್ಲಿ ಓದ್ತಿರೋ ಮಗಳು ರೇಷನ್ ಕಾರ್ಡಲ್ಲಿ ಮನೆಯೋಳು, ಅಲ್ಲಿ ಅಲ್ಲ.

ಬಾಡಿಗೆ ಸಹವಾಸವೇ ಬೇಡ, ಸ್ವಂತಕ್ಕೇ ತಗೋತೀನಿ ಅಂತ ಹೊರಟೋರ ಕಥೆ ಇನ್ನೂ ಚೆನ್ನಾಗಿದೆ. ಸೋನಿಯ ಗೇಮ್ ಯಂತ್ರ ಪ್ಲೇಸ್ಟೇಷನ್‌ನಲ್ಲಿ ಡಿಸ್ಕವರಿಯ ಕಾರ್ಯಕ್ರಮಗಳನ್ನ ಪೂರ್ತಿ ದುಡ್ಡು ಕೊಟ್ಟು ಕೊಂಡ್ಕೊಂಡಿದ್ದ ಜನಕ್ಕೆ 2023ರ ಕೊನೇಲಿ ಸೋನಿಯಿಂದ ಒಂದು ತಿಳುವಳಿಕೆ ಬಂತು, ಏನಂದ್ರೆ ನಮ್ಮ ಲೈಸೆನ್ಸ್ ಒಪ್ಪಂದದ ಕಾರಣಕ್ಕೆ ನೀವು ಕೊಂಡಿದ್ದೆಲ್ಲಾ ಡಿಸೆಂಬರ್ 31ಕ್ಕೆ ನಿಮ್ಮ ಲೈಬ್ರರಿಯಿಂದ ಹೋಗತ್ತೆ, ಇಷ್ಟು ದಿನ ಜೊತೇಲಿ ಇದ್ದಿದ್ದಕ್ಕೆ ಥ್ಯಾಂಕ್ಸು. ಜನ ಬಾಯಿ ಬಡ್ಕೊಂಡ ಮೇಲೆ ಸರಿ ಸರಿ ಕನಿಷ್ಠ 30 ತಿಂಗಳು ಇಟ್ಕೊಳ್ಳಿ ಅಂದ್ರು. ಕೊಂಡ ಸಾಮಾನಿಗೆ ವಾಯಿದೆ ಕೊಟ್ಟಿದ್ದನ್ನ ಜನ ಗೆಲುವು ಅಂತ ಹಂಚ್ಕೊಂಡು ಖುಷಿ ಪಟ್ರು ನೋಡಿ, ಅದೇ ನಂಗೆ ಜಾಸ್ತಿ ನಗು ತರ್ಸಿದ್ದು. ಇದಕ್ಕೆಲ್ಲಾ ಗುರು ಅಂದ್ರೆ 2009ರ ಕಿಂಡಲ್ (ಅಮೆಜಾನ್ ಮಾರೋ ಇ-ಪುಸ್ತಕ ಓದೋ ಸಾಧನ) ಪ್ರಕರಣ, ಹಕ್ಕಿನ ತಕರಾರು ಬಂತು ಅಂತ ಅಮೆಜಾನ್‌ನವ್ರು ಜನರ ಕೈಲಿದ್ದ ಸಾಧನದಿಂದಲೇ ಪುಸ್ತಕ ಅಳಿಸಿ ದುಡ್ಡು ವಾಪಸ್ ಹಾಕಿದ್ರು. ಯಾವ ಪುಸ್ತಕ ಅಂತೀರಾ, ಜಾರ್ಜ್ ಆರ್ವೆಲ್‌ನ '1984'. ಸರ್ಕಾರದೋರು ಹಳೇ ಕಾಗದ ಪತ್ರ ಎಲ್ಲಾ ಬೆಂಕಿಗೆ ಹಾಕಿ ಇತಿಹಾಸ ತಿದ್ದೋ ಕಥೆ ಅದು. ವಿಡಂಬನೆ ಬರೆಯೋರಿಗೆ ಕೆಲಸ ಉಳಿಸಲ್ಲ ಈ ಕಂಪನಿಗಳು.

ಕ್ಯಾಲಿಫೋರ್ನಿಯಾದೋರು ಇದಕ್ಕೊಂದು ಕಾನೂನೇ ಮಾಡಿದ್ರು, 2025ರ ಜನವರಿ 1ರಿಂದ ಜಾರಿ. ಕೊಂಡಿದ್ದನ್ನ ಕಿತ್ಕೋಬೇಡಿ ಅಂತ ಕಾನೂನು ಹೇಳತ್ತೆ ಅನ್ಕೊಂಡ್ರಾ? ಇಲ್ಲಪ್ಪ. ಕಿತ್ಕೊಳ್ಳಿ, ಆದ್ರೆ ಇದು ಲೈಸೆನ್ಸ್, ಅಂದ್ರೆ ಬಳಸೋ ಅನುಮತಿ ಮಾತ್ರ ಅಂತ ಮಾರೋವಾಗ್ಲೇ ಕಾಣೋ ಹಂಗೆ ಬರೀರಿ ಅಂತ.

ಹೋಗ್ಲಿ, ಬೇರೆಯೋರ ಸಿನಿಮಾಗೆ ಒಪ್ಪಂದ ಗಿಪ್ಪಂದ ಇರತ್ತೆ ಅನ್ನೋಣ. ಡಿಸ್ನಿಯವ್ರು ತಾವೇ ಕೋಟಿಗಟ್ಲೆ ಸುರಿದು ಮಾಡಿದ 'ವಿಲ್ಲೋ' ಸರಣಿನ 2022ರ ನವೆಂಬರಲ್ಲಿ ಬಿಟ್ಟು 2023ರ ಮೇನಲ್ಲಿ ತಾವೇ ತೆಗೆದು ಹಾಕಿದ್ರು, ಅಂಥವು ಇನ್ನೂ ಎಷ್ಟೋ. ತೆಗೆದು ಹಾಕಿದ್ದಕ್ಕೆಲ್ಲಾ ಸೇರಿ 150 ಕೋಟಿ ಡಾಲರ್ ಮೌಲ್ಯ ಹೋಯ್ತು ಅಂತ ಲೆಕ್ಕದ ಪುಸ್ತಕದಲ್ಲಿ ಬರ್ಕೊಂಡ್ರು. ಓನರ್ರೇ ಬಂದು ಮನೆ ಕೆಡವಿ, ಕೆಡವಿದ ಖರ್ಚು ಇಷ್ಟಾಯ್ತು ಅಂತ ಚೀಟಿ ಬರೆದಂಗಾಯ್ತು.

ಇನ್ನು ನಮ್ಮನೆ ವಿಚಾರ. ಭಾನುವಾರ ಊಟ ಆದ್ಮೇಲೆ ಅಪ್ಪಂಗೆ ಅಣ್ಣಾವ್ರ ಒಂದು ಕಪ್ಪು ಬಿಳುಪು ಪಿಕ್ಚರ್ ನೋಡೋ ಆಸೆ ಆಯ್ತು. ರಿಮೋಟಿಗೆ ಮೈಕ್ ಇದೆ, ಮಾತಾಡಿದ್ರೆ ಸಾಕು ಟಿವಿನೇ ಹುಡುಕತ್ತೆ ಅಂತ ನಾನೇ ಜಂಬದಿಂದ ಕೈಗೆ ಕೊಟ್ಟೆ. ಅಪ್ಪ ರಿಮೋಟನ್ನ ಫೋನ್ ಥರ ಕಿವಿಗೆ ಹಿಡ್ಕೊಂಡು, ಕೆಮ್ಮಿ ಗಂಟಲು ಸರಿ ಮಾಡ್ಕೊಂಡು, ಭಕ್ತಿಯಿಂದ "ರಾಜ್‌ಕುಮಾರ್" ಅಂದ್ರು. ಟಿವಿ ತುಂಬಾ ರಾಜ್‌ಕುಮಾರ್ ರಾವ್, ಹಿಂದಿ ಪಿಕ್ಚರುಗಳು ಸಾಲಾಗಿ ಬಂದು ನಿಂತ್ವು. ಒಳ್ಳೇ ನಟನೇ ಪಾಪ, ಅವ್ರದ್ದೇನ್ ತಪ್ಪು. "ಡಾಕ್ಟರ್ ಸೇರ್ಸಿ ಹೇಳಿ ಅಪ್ಪ" ಅಂದೆ. ಡಾಕ್ಟರ್ ಅಂದಿದ್ದಕ್ಕೆ ಕೊರಿಯಾದ ಆಸ್ಪತ್ರೆ ಸೀರಿಯಲ್ಲು ಬಂತು, ಅದೂ ಮೂರು. ಕನ್ನಡ ಅಂತ ಫಿಲ್ಟರ್ ಒತ್ತಿದ್ರೆ ಕಂಡಿದ್ದರಲ್ಲಿ ಬಹಳಷ್ಟು ಡಬ್ಬಿಂಗು. ಇನ್ನೊಂದು ಆ್ಯಪಲ್ಲಿ ಪಿಕ್ಚರ್ ಸಿಕ್ತು ಮಾರಾಯ್ರೆ, ಆದ್ರೆ ತಿಂಗಳ ಚಂದಾದಲ್ಲಿ ಇಲ್ಲ, ಅದಕ್ಕೆ ಬೇರೆ ಬಾಡಿಗೆ, ಒಂದ್ಸಲ ಶುರು ಮಾಡಿದ್ರೆ 48 ಗಂಟೆ ಒಳಗೆ ಮುಗಿಸ್ಬೇಕು. ಅಪ್ಪ ಪಿಕ್ಚರ್ ನೋಡೋದೇ ಕಂತಿನಲ್ಲಿ, ಅರ್ಧ ಗಂಟೆ ನೋಡಿ ಒಂದೂವರೆ ಗಂಟೆ ನಿದ್ದೆ, ಹೀರೋಯಿನ್ ಬರೋ ಹೊತ್ತಿಗೆ ಗುರುವಾರ ಆಗಿರತ್ತೆ.

ಕೊನೆಗೆ ಯೂಟ್ಯೂಬೇ ಗತಿ. ನಾಲ್ಕು ಮೂಲೆಗೂ ನಾಲ್ಕು ಥರದ ಲೋಗೋ, ಮುಖ ಎಲ್ಲಾ ಹಿಗ್ಗಿ ಅಗಲ ಆಗಿದೆ, ಒಂದು ಹಾಡು ಇಲ್ವೇ ಇಲ್ಲ, ಕೆಳಗಡೆ 'ಯಾರ್ಯಾರು ಈಗ್ಲೂ ನೋಡ್ತಿದೀರಾ ಲೈಕ್ ಒತ್ತಿ' ಅಂತ ಕಾಮೆಂಟು. ಅಪ್ಪ ಹತ್ತು ನಿಮಿಷ ನೋಡಿ "ಲೇ, ಬೀರು ಮೇಲಿನ ಡಬ್ಬ ಇಳ್ಸೋ, ಅದ್ರಲ್ಲಿ ಸೀಡಿ ಇತ್ತಲ್ಲ" ಅಂದ್ರು. ಡಬ್ಬ ಇಳಿಸ್ದೆ, ಸೀಡಿನೂ ಇತ್ತು, ಕವರ್ ಸಮೇತ. ಪ್ಲೇಯರನ್ನ ಮಾತ್ರ ಅಮ್ಮ ಯಾವತ್ತೋ ಗುಜರಿಯವ್ನಿಗೆ ಹಾಕಿ ಪ್ಲಾಸ್ಟಿಕ್ ಬಕೆಟ್ ತಗೊಂಡಿದ್ರು, ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕೋ ಜಾಗನೇ ಇಲ್ಲ. ಅಂಗಡೀಲಿ ಕೇಳಿದ್ರೆ "ಯಾವ ಕಾಲದಲ್ಲಿದೀರಾ ಸರ್" ಅನ್ನೋ ನೋಟ.

ಡಿಸ್ಕ್ ಕಾಲ ಏನು ರಾಮರಾಜ್ಯ ಆಗಿರ್ಲಿಲ್ಲ, ಅದನ್ನೂ ಹೇಳ್ಬೇಕು. ಒಂದು ಸಿನಿಮಾ ಎರಡು ವಿಸಿಡಿಲಿ ಬರ್ತಿತ್ತು, ಎರಡನೇದು ಯಾವಾಗ್ಲೂ ಕ್ಲೈಮ್ಯಾಕ್ಸಲ್ಲೇ ಹಲ್ಲು ಕಚ್ಕೊಂಡು ನಿಲ್ತಿತ್ತು, ಬನಿಯನ್ನಲ್ಲಿ ಒರೆಸಿ ಆಯ್ತು, ಕೋಲ್ಗೇಟ್ ಹಚ್ಚಿ ತಿಕ್ಕಿ ಆಯ್ತು. ಡಿವಿಡಿ ಕಂಪನಿಗಳು ಇಡೀ ಪ್ರಪಂಚನ ಭಾಗ ಮಾಡಿ ನಮ್ಮ ದೇಶನ ಐದನೇ ರೀಜನ್ನಿಗೆ ಹಾಕಿದ್ರು, ಅಮೆರಿಕದ ಒಂದನೇ ರೀಜನ್ ಡಿಸ್ಕು ಇಲ್ಲಿ ಹಾಕಿದ್ರೆ ಪ್ಲೇಯರ್ ಮುಖ ತಿರುಗಿಸ್ಕೊಳ್ತಿತ್ತು. ಕಾಸು ಕೊಟ್ಟು ಒರಿಜಿನಲ್ ತಂದೋರಿಗೆ ಮಾತ್ರ 'ಕದಿಯಬೇಡಿ' ಅನ್ನೋ ಉಪದೇಶ ಫಾರ್ವರ್ಡ್ ಮಾಡೋಕಾಗದ ಹಂಗೆ, ಮೆಜೆಸ್ಟಿಕ್ ನ್ಯಾಷನಲ್ ಮಾರ್ಕೆಟಲ್ಲಿ ಕಳ್ಳ ಡಿಸ್ಕ್ ತಂದವ್ನಿಗೆ ನೇರ ಟೈಟಲ್ ಕಾರ್ಡು. ಡಿಸ್ಕ್ ಕಂಪನಿ ಮೋಸರ್ ಬೇರ್‌ನವ್ರು ಮಾತ್ರ ಒಂದು ಒಳ್ಳೇ ಕೆಲಸ ಮಾಡಿದ್ರು, ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಒರಿಜಿನಲ್ಲನ್ನೇ ಕಳ್ಳಮಾಲಿನ ರೇಟಿಗೆ ತಂದು ನಿಲ್ಲಿಸಿದ್ರು. 2018ರಲ್ಲಿ ಕಂಪನಿ ದಿವಾಳಿ ಆಗಿ ಬಾಗಿಲು ಹಾಕ್ತು. ಆದ್ರೆ ಅವ್ರ ಕಡೆಯೋರು ಯಾರೂ ರಾತ್ರೋರಾತ್ರಿ ಬಂದು ನಮ್ಮನೆ ಬೀರು ಮೇಲಿಂದ ಡಬ್ಬ ಎತ್ಕೊಂಡು ಹೋಗ್ಲಿಲ್ಲ.

ಕನ್ನಡದೋರ ಪಾಡಂತೂ ಬಾಡಿಗೆದಾರರಿಗಿಂತ ಕಡೆ, ನಮಗೆ ಮನೆ ತೋರ್ಸೋಕೂ ಒಪ್ಪಲ್ಲ. ರಕ್ಷಿತ್ ಶೆಟ್ಟಿಯಂಥವ್ರು ನಿರ್ಮಾಣ ಮಾಡಿದ 'ಏಕಂ' ಸರಣಿನೇ ಯಾವ ಓಟಿಟಿ ಆ್ಯಪಿನೋರೂ ತಗೊಳ್ಲಿಲ್ಲ ಅಂತ 2024ರಲ್ಲಿ ಸ್ವಂತ ವೆಬ್‌ಸೈಟಲ್ಲಿ ಬಿಡಬೇಕಾಯ್ತು. ಇನ್ನು ಹೊಸ ಹುಡುಗ್ರು ಜಮೀನು ಅಡ ಇಟ್ಟು ಮಾಡಿದ ಪಿಕ್ಚರ್ರು ಒಂದು ಶುಕ್ರವಾರ ಬಂದು ಮುಂದಿನ ಶುಕ್ರವಾರ ಥಿಯೇಟರಿಂದ ಎದ್ದು ಹೋದ್ರೆ ಎಲ್ಲಿಗೆ ಹೋಗತ್ತೆ? ಡಿಸ್ಕ್ ಬರಲ್ಲ, ಓಟಿಟಿ ಸೇರ್ಸಲ್ಲ, ಟಿವಿಯೋರು ಕೊಳ್ಳಲ್ಲ. ನಿರ್ಮಾಪಕನ ಕಪಾಟಲ್ಲಿರೋ ಒಂದು ಹಾರ್ಡ್ ಡಿಸ್ಕೇ ಅದರ ಪೂರ್ತಿ ಆಯಸ್ಸು. 1934ರಲ್ಲಿ ಬಂದ ನಮ್ಮ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದ ಒಂದು ಪ್ರಿಂಟೂ ಉಳಿದಿಲ್ಲ, ಆಗ ಸಿನಿಮಾ ಕಾಪಾಡೋ ಸಂಸ್ಥೆ ಅಂತ ಏನೂ ಇರ್ಲಿಲ್ಲ, ಪುಣೆಯ ಫಿಲ್ಮ್ ಆರ್ಕೈವ್ ಶುರು ಆಗಿದ್ದೇ 1964ರಲ್ಲಿ. ಅವ್ರಿಗೆ ಕಾರಣ ಇತ್ತು. ಜೇಬಲ್ಲಿ ಇಡೀ ಪ್ರಪಂಚ ಇಟ್ಕೊಂಡಿರೋ ನಾವು ಹೋದ ವರ್ಷದ ಸಿನಿಮಾ ಕಳ್ಕೊಂಡು ಕೂತಿದೀವಿ, ಅದೂ ಹೈಡೆಫಿನಿಷನ್‌ನಲ್ಲಿ.

ತಮಾಷೆ ಏನ್ ಗೊತ್ತಾ, ನೆಟ್‌ಫ್ಲಿಕ್ಸ್ ಶುರು ಆಗಿದ್ದೇ ಅಮೆರಿಕದಲ್ಲಿ ಡಿವಿಡಿ ಪೋಸ್ಟ್ ಮಾಡೋ ಅಂಗಡಿಯಾಗಿ, 1998ರಲ್ಲಿ. ಕೆಂಪು ಲಕೋಟೆಯ ಆ ಸರ್ವೀಸನ್ನ 2023ರ ಸೆಪ್ಟೆಂಬರ್ 29ಕ್ಕೆ ಮುಚ್ಚಿದ್ರು. ಕೊನೆ ಕಂತಲ್ಲಿ ಹೋದ ಡಿಸ್ಕುಗಳನ್ನ ವಾಪಸ್ ಕಳಿಸೋದೇನು ಬೇಡ, ನೀವೇ ಇಟ್ಕೊಳ್ಳಿ ಅಂದ್ರಂತೆ. ಇಪ್ಪತ್ತೈದು ವರ್ಷ ಬಾಡಿಗೆ ಕಟ್ಟಿದ್ದಕ್ಕೆ ಗಿರಾಕಿಗೆ ಸ್ವಂತ ಅಂತ ಸಿಕ್ಕಿದ್ದು ಅಷ್ಟೇ, ಅದೂ ಅಂಗಡಿ ಮುಚ್ಚಿದ ದಿನ.

ನ್ಯೂಜೆರ್ಸಿಲಿ ನಮ್ಮ ಅತ್ತೆ ಮಗ ಇದಾರೆ, ಭಾವ. ಐದು ಆ್ಯಪಿಗೆ ಡಾಲರಲ್ಲಿ ಚಂದಾ ಕಟ್ತಾರೆ. ಯಾವ ಕನ್ನಡ ಪಿಕ್ಚರ್ ಒತ್ತಿದ್ರೂ 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಅಂತ ಬರತ್ತಂತೆ. ಮುಂದಿನ ತಿಂಗಳು ಅತ್ತೆ ಅಲ್ಲಿಗೆ ಹೋಗ್ತಿದಾರೆ, ಸೂಟ್‌ಕೇಸ್ ತೂಕದ ಲೆಕ್ಕ ನಡೀತಾ ಇತ್ತು, ಸಾರಿನ ಪುಡಿ ಎರಡು ಕೆಜಿನಾ ಮೂರು ಕೆಜಿನಾ ಅಂತ. ಅಷ್ಟರಲ್ಲಿ ಭಾವನ ಫೋನು. "ಸಾರಿನ ಪುಡಿ ಇಲ್ಲೇ ಪಟೇಲ್ ಅಂಗಡೀಲಿ ಸಿಗತ್ತೆ ಕಣೋ, ಅದನ್ನ ಅರ್ಧ ತೆಗೆದ್ಬಿಡು. ನ್ಯಾಷನಲ್ ಮಾರ್ಕೆಟ್ ಇನ್ನೂ ಇದ್ಯೇನೋ ನೋಡು."